ಸ್ಟಾಪರ್ ಇಲ್ಲದ ಗೇಟು

ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ನನ್ನದು. ರಜೆಯ ದಿನ ಬೈಕಿನಲ್ಲಿ ಸಿ.ಎಸ್. ಪುರದ ಹತ್ತಿರವಿರುವ ಅಕ್ಕನ ತೋಟಕ್ಕೆ ಹೋಗುತ್ತೇನೆ. ದಾರಿಯುದ್ದಕ್ಕೂ ಗೇಟುಗಳನ್ನು ನೋಡುವುದು ರೂಢಿಯಾಗಿಬಿಟ್ಟಿದೆ. ಗುಬ್ಬಿ ದಾಟಿದ ಮೇಲೆ ಒಂದು ಗೇಟು ರಸ್ತೆಯ ಕಡೆಗೇ ತೆರೆದುಕೊಳ್ಳುತ್ತದೆ. ಗಾಳಿ ಬೀಸಿದರೆ ಡಾಂಬರಿನ ಮೇಲೆ ಬಂದು ನಿಂತಿರುತ್ತದೆ. ಇನ್ನೊಂದರ ಕಂಬವೇ ವಾಲಿದೆ. ಇಂಥವು ಕಂಡಾಗ ಬೈಕು ನಿಧಾನ ಮಾಡುತ್ತೇನೆ.

ಕಳೆದ ವರ್ಷ ಭಾವ ತೋಟಕ್ಕೆ ಹೊಸ ಗೇಟು ಹಾಕಿಸಿದರು. ಲಾರಿ ನುಗ್ಗುವಷ್ಟು ಅಗಲ. ನೆಲದ ಕಂಬಿಯ ಮೇಲೆ ಪಕ್ಕಕ್ಕೆ ಉರುಳುವಂಥದ್ದು.

"ತಳ್ಳಿ ನೋಡ್ಲಾ, ಬೆಣ್ಣೆ ಥರಾ ಹೋಯ್ತದೆ," ಎಂದರು.

ತಳ್ಳಿದೆ. ಅಷ್ಟು ಭಾರದ ಕಬ್ಬಿಣ ಸದ್ದಿಲ್ಲದೆ ಸರಿದು ಕಂಬಿ ಮುಗಿಯುವ ತನಕ ಹೋಯಿತು. ಅಲ್ಲಿ ಅದನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಗೇಟಿನ ನೆತ್ತಿ ನನ್ನ ಕಡೆ ಬಾಗಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದು ಹಿಂದಕ್ಕೆ ಎಳೆದೆ.

"ಭಾವ, ಕೊನೇಲಿ ಸ್ಟಾಪರ್ ಇಲ್ವಲ್ಲ? ಜೋರಾಗಿ ತಳ್ಳಿದ್ರೆ ಕಳಚ್ಕೊಂಡು ಮೇಲೇ ಬೀಳ್ತದೆ."

"ವೆಲ್ಡರ್‌ಗೆ ಹೇಳಿದೀನಿ ಕಣೋ. ಬಂದು ಹಾಕ್ತಾನೆ ಬುಡು."

ಅಲ್ಲಿಯವರೆಗೆ ಇರಲಿ ಎಂದು ದಪ್ಪ ಕಲ್ಲೊಂದನ್ನು ಉರುಳಿಸಿ ತಂದು ಕಂಬಿಯ ತುದಿಗೆ ಇಟ್ಟೆ. ಮುಂದಿನ ಸಲ ಹೋದಾಗ ಕಲ್ಲು ಬೇಲಿಯ ಪಕ್ಕ ಬಿದ್ದಿತ್ತು. ತೆಂಗಿನಕಾಯಿ ತುಂಬಿಕೊಳ್ಳಲು ಬಂದ ಲಾರಿಗೆ ಅಡ್ಡವಾಯಿತಂತೆ. ಮತ್ತೆ ಎತ್ತಿಡಲು ಹೋದರೆ ಅಕ್ಕ ನಕ್ಕಳು. "ದಿನಾ ಗೇಟು ತೆಗೆಯೋಳು ನಾನು. ನಂಗೆ ಗೊತ್ತಿಲ್ವೇನೋ?"

ಆಮೇಲೆ ಕಾರ್ಖಾನೆಯ ಗೇಟು ಸ್ಟಾಪರಿಗೆ ಬಡಿದು ಧಡ್ ಎಂದಾಗಲೆಲ್ಲ ಅಕ್ಕನ ನೆನಪಾಗುತ್ತಿತ್ತು. ಫೋನ್ ಬಂದರೆ ಮೊದಲು ಭಾವನ ಹೆಸರಿದೆಯೇ ಎಂದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಭಾವನ ಫೋನ್ ಬಂದೇ ಬಂತು. "ಗೇಟು ಬಿತ್ತು ಕಣೋ."

"ಅಕ್ಕ?"

ಹಿಂದೆ ಯಾರೋ ನರಳುವುದು ಕೇಳಿಸಿತು. ಅದು ಅಕ್ಕನ ದನಿ ಎಂದು ಗೊತ್ತಾದಾಗ, ಜೀವ ಇದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ಮಳೆ ಕವಿದಿತ್ತಂತೆ. ರಾಗಿ ಹೊತ್ತ ಟ್ರ್ಯಾಕ್ಟರ್ ಹೊರಗೆ ಹಾರನ್ ಮಾಡುತ್ತಿತ್ತು. ಅವಸರದಲ್ಲಿ ಅವಳು ಮೈಭಾರ ಹಾಕಿ ತಳ್ಳಿದ್ದಳು. ಗೇಟು ಕಂಬಿ ಬಿಟ್ಟು ವಾಲುವುದನ್ನು ಕಂಡು ಪಕ್ಕಕ್ಕೆ ಹಾರಿದರೂ ಎಡಗಾಲು ಸಿಕ್ಕಿಕೊಂಡಿತು. ನಾಲ್ಕಾರು ಜನ ಸೇರಿ ಎತ್ತಬೇಕಾಯಿತು.

ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ವೆಲ್ಡರ್ ಮಾರನೆಯ ದಿನವೇ ಬಂದಿದ್ದ. ಭಾವ ಮಾತ್ರ ಗೇಟನ್ನು ಮತ್ತೆ ನಿಲ್ಲಿಸಲು ಒಪ್ಪಲಿಲ್ಲ. ಅದು ಬೇಲಿಯ ಬುಡದಲ್ಲಿ ಮಲಗಿದೆ, ಮೇಲೆ ಹುಲ್ಲು ಹಬ್ಬುತ್ತಿದೆ. ಅಕ್ಕ ಆ ಕಡೆ ಹಾಯುವಾಗ ಸುತ್ತು ಬಳಸಿಕೊಂಡು ಹೋಗುತ್ತಾಳೆ.