ಪೆಡಲಿನ ಕೆಳಗಿನ ಚಪ್ಪಲಿ

ನನ್ನ ಗೆಳೆಯ ನೆಲಕ್ಕೆ ಟೈಲ್ಸ್ ಹಾಕುವವನು. ಎಲ್ಲರ ಬಾಯಲ್ಲೂ ಅವನು ರಸಮಟ್ಟ. ನೆಲದ ಮಟ್ಟ ನೋಡುವ, ಹಸಿರು ಗುಳ್ಳೆಯ ಆ ಪುಟ್ಟ ಸಾಧನ ಸದಾ ಅವನ ಜೇಬಿನಲ್ಲಿರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಅದನ್ನು ಮೇಜಿನ ಮೇಲಿಟ್ಟು, ಗುಳ್ಳೆ ನಡುವೆ ನಿಂತಿತೇ ಎಂದು ನೋಡಿ, ಆಮೇಲೆ ಕ್ಷೇಮ ಕೇಳುತ್ತಿದ್ದ.

"ಮದುವೆಯಾದ ಹೊಸದ್ರಲ್ಲಿ ನನ್ನ ತಲೆ ಮೇಲೂ ಇಟ್ಟು ನೋಡಿದ್ರು," ಎಂದು ಅವನ ಹೆಂಡತಿ ನಗುತ್ತಿದ್ದರು. "ಗುಳ್ಳೆ ಎಲ್ಲಿ ನಿಲ್ತು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ."

ಬದುಕಿಡೀ ಕುಕ್ಕರಗಾಲಲ್ಲಿ ಕೂತು ಕಂಡವರ ಮನೆಯ ನೆಲ ಸಮ ಮಾಡಿದವನಿಗೆ ಕೊನೆಗೆ ಮಂಡಿಗಳೇ ಕೈಕೊಟ್ಟವು. ಕೆಲಸ ಬಿಟ್ಟ. ಆದರೆ ಅಪ್ಪನ ಕಾಲದ ಮೋಟರ್ ಸೈಕಲ್ಲನ್ನು ಮನೆಯ ಹಿಂದಿನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವ ಖಯಾಲಿ ಬಿಡಲಾಗಲಿಲ್ಲ. ತಾನು ಬಗ್ಗಲಾರೆ, ಗಾಡಿಯೇ ಮೇಲೆ ಬರಲಿ ಎಂದು ಒಂದು ಅಗ್ಗದ ಲಿಫ್ಟ್ ತರಿಸಿದ. ದೊಡ್ಡ ಪೆಡಲ್ ತುಳಿದಂತೆಲ್ಲ ಎರಡು ಕಬ್ಬಿಣದ ತೋಳುಗಳು ಇಂಜಿನ್ನಿನ ಹೊಟ್ಟೆಗೆ ಆತುಕೊಂಡು ಗಾಡಿಯನ್ನು ಎತ್ತುತ್ತವೆ. ಚಿಕ್ಕ ಪೆಡಲ್ ಒತ್ತಿದರೆ ಇಳಿಸುತ್ತವೆ. ಅವನು ಸ್ಟೂಲಿನ ಮೇಲೆ ರಾಜನ ಹಾಗೆ ಕೂತು ಸ್ಪ್ಯಾನರ್ ಆಡಿಸುತ್ತಿದ್ದ.

"ಅಗ್ಗ ಅಂತ ಮುಗ್ಗಲು ತಂದೆಯಲ್ಲೋ," ಎಂದು ನಾನು ಛೇಡಿಸಿದ್ದೆ. ಅದರ ಎಣ್ಣೆಯ ಸೀಲು ಸರಿಯಿರಲಿಲ್ಲ. ಬಿಟ್ಟು ಹೋಗುವಾಗ ತೋಳುಗಳು ಜಾರದಂತೆ ಅಡ್ಡಕಂಬಿ ತೂರಿಸದಿದ್ದರೆ, ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ತಾನಾಗಿ ಕುಸಿದು ನೆಲಕ್ಕೆ ಬಂದಿರುತ್ತಿತ್ತು.

"ಅದಕ್ಕೂ ನನ್ನ ಹಾಗೆ ಮಂಡಿ ನೋವು ಕಣೋ. ಬೈಬೇಡ," ಎಂದಿದ್ದ.

ಒಮ್ಮೆ ಅವನ ಕೈ ಇಂಜಿನ್ನಿನ ಕೆಳಗಿದ್ದಾಗ, ಕಸ ಗುಡಿಸುತ್ತಿದ್ದ ಹೆಂಡತಿಯ ಪೊರಕೆ ಚಿಕ್ಕ ಪೆಡಲಿಗೆ ತಗುಲಿತು. ಬೆರಳುಗಳು ಜಜ್ಜಿ ನೀಲಿಯಾದವು. ಅಂದಿನಿಂದ ಒಂದು ಕಟ್ಟಳೆ ಬಂತು. ಕೈ ಒಳಗೆ ಹಾಕುವ ಮೊದಲು ಕಾಲಿನ ಚಪ್ಪಲಿ ತೆಗೆದು ಚಿಕ್ಕ ಪೆಡಲಿನ ಅಡಿಗೆ ತುರುಕಬೇಕು, ಕೈ ಹೊರಗೆ ಬಂದಮೇಲೆಯೇ ಚಪ್ಪಲಿ ತೆಗೆಯಬೇಕು. ಚಪ್ಪಲಿ ಅಲ್ಲಿದೆ ಎಂದರೆ ಕೈ ಒಳಗಿದೆ ಎಂದೇ ಅರ್ಥ. ಅವನು ಒಮ್ಮೆಯೂ ತಪ್ಪಿಸಿದವನಲ್ಲ.

ತೀರಿಹೋದ ದಿನ ಮಾತ್ರ ಬರಿಗಾಲಲ್ಲಿ ಅಡುಗೆಮನೆಗೆ ಬಂದ. ಚಹಾ ತೆಗೆದುಕೊಂಡು ಕುರ್ಚಿಯಲ್ಲಿ ಕೂತು ಗೋಡೆಗೆ ತಲೆ ಆನಿಸಿದ. ಅಷ್ಟೇ. ಲೋಟ ತೊಡೆಯ ಮೇಲೆ ನೆಟ್ಟಗೆ ನಿಂತಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ನೆಂಟರೆಲ್ಲ ಹೊರಟುಹೋದ ಮೇಲೆ ಅವನ ಹೆಂಡತಿ ನನಗೆ ಹೇಳಿ ಕಳಿಸಿದರು. ಅವರು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದರು. ಊಟ ನಿದ್ದೆ ಬಿಟ್ಟ ಮುಖ.

"ಅಣ್ಣಾ, ಗಾಡಿ ಇನ್ನೂ ಇಳಿದಿಲ್ಲ."

"ಅಡ್ಡಕಂಬಿ ಹಾಕಿರ್ತಾನೆ."

"ಕಂಬಿ ಗೋಡೆ ಮೇಲಿದೆ, ನೋಡಿ."

ಹೌದು, ಮೊಳೆಗೆ ನೇತಾಡುತ್ತಿತ್ತು. ಹಗಲಿನ ಬೆಳಕಿನಲ್ಲಿ ಗಾಡಿ ಎದೆಯೆತ್ತರಕ್ಕೆ ನಿಂತಿತ್ತು. ಸೀಟಿನ ಮೇಲೆ ಅವನ ರಸಮಟ್ಟ. ಗುಳ್ಳೆ ಕದಲದೆ ನಡುವೆ ಇತ್ತು. ಪೆಡಲಿನ ಕೆಳಗೆ ಸವೆದ ಹಿಮ್ಮಡಿಯ ಚಪ್ಪಲಿ.

"ಎಣ್ಣೆ ಗಟ್ಟಿಯಾಗಿರ್ಬೇಕು," ಎಂದೆ. ನನ್ನ ಮಾತು ನನಗೇ ನಾಟಲಿಲ್ಲ.

"ಎಣ್ಣೆ ಅಲ್ಲ. ಅವರು ಕೈ ಅಲ್ಲೇ ಬಿಟ್ಟು ಬಂದಿದ್ದಾರೆ. ಎಷ್ಟು ದಿನ ಅಂತ ಹೀಗೆ ಹೊತ್ಕೊಂಡಿರ್ತಾರೆ?"

ಚಪ್ಪಲಿ ತೆಗೆದು ಇಳಿಸಿಬಿಡೋಣ ಎಂದು ನಾನು ಬಗ್ಗಿದಾಗ ಅವರು ನನ್ನ ತೋಳು ಹಿಡಿದರು. "ಬೇಡ! ಇನ್ನೊಂದ್ಸಲ ಜಜ್ಜಿದ್ರೆ ನಾನು ಬದುಕಿರಲ್ಲ. ಮೊದಲು ಕೇಳ್ತೀನಿ." ಗಾಡಿಯ ಕಡೆ ತಿರುಗಿ, ಒಲೆಯ ಮುಂದಿನಿಂದ ಕೂಗುವಷ್ಟು ಸಹಜವಾಗಿ ಕೇಳಿದರು: "ರೀ, ಕೈ ತೆಗೆದ್ರಾ?"

ಉತ್ತರಕ್ಕೆ ನಾನೂ ಕಿವಿಗೊಟ್ಟು ಕಾದಿದ್ದೆ ಎಂಬುದು ಆಮೇಲೆ ಹೊಳೆಯಿತು.

ಅವರು ಅವನ ಸ್ಟೂಲಿನ ಮೇಲೆ ಕೂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಂಜಿನ್ನಿನ ಕೆಳಗೆ ಮೊಣಕೈಯವರೆಗೂ ಕೈ ತೂರಿಸಿದರು. ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವವರ ಹಾಗೆ ತಡಕಾಡಿದರು. ಕೈ ಒಂದು ಕಡೆ ನಿಂತಿತು.

"ಏನಮ್ಮಾ?"

"ಬೆಚ್ಚಗಿದೆ."

ಅವನು ಸತ್ತ ದಿನದಿಂದ ಆ ಇಂಜಿನ್ ಓಡಿರಲಿಲ್ಲ. ಅವರು ನಿಧಾನವಾಗಿ, ಭಾರವಾದದ್ದೇನನ್ನೋ ಎಳೆದುಕೊಳ್ಳುವಂತೆ ಕೈ ಹೊರತೆಗೆದರು. ಮುಷ್ಟಿ ಬಿಗಿದಿತ್ತು.

"ಈಗ ಚಪ್ಪಲಿ ತೆಗೀರಿ ಅಣ್ಣಾ."

ತೆಗೆದೆ. ಪೆಡಲನ್ನು ನಾನು ಮುಟ್ಟಲೇ ಇಲ್ಲ. ಲಿಫ್ಟು ಉಸ್ಸೆಂದು ಉಸಿರು ಬಿಟ್ಟು ತಾನಾಗಿಯೇ ಇಳಿಯತೊಡಗಿತು. ಸೀಟಿನ ಮೇಲಿನ ಗುಳ್ಳೆ ಅತ್ತಿತ್ತ ಅಲುಗಲಿಲ್ಲ. ಚಕ್ರಗಳು ನೆಲ ಮುಟ್ಟುವವರೆಗೂ ಅವರು ಮುಷ್ಟಿ ಬಿಚ್ಚಲಿಲ್ಲ.