ಗೂಡಿನ ಲೋಟ

ನಮ್ಮ ಕಡೆ ಪಂಚಮಿಗೆ ತವರಿನಿಂದ ಅಣ್ಣ ಕರೆಯಲು ಬರಬೇಕು. ಕರೆಯದೆ ಹೋದ ಮಗಳಿಗೆ ಬೆಲೆಯಿಲ್ಲ. ನನ್ನ ಕಾದಂಬರಿ ಅಚ್ಚಾದ ವರ್ಷ ಅಣ್ಣ ಬರಲಿಲ್ಲ. ಬೀದರಿನ ಬಾಡಿಗೆ ಮನೆಯಲ್ಲಿ ಸೀರೆ ಮಡಿಚಿಟ್ಟುಕೊಂಡು ಕಾದೆ. ಕಿಟಕಿಯಲ್ಲಿ ನಿಂತು ನಿಂತು ನನ್ನ ಮೇಲೆ ನನಗೇ ಸಿಟ್ಟು ಬಂತು.

ಬರೆದದ್ದು ಭಾಲ್ಕಿಯ ನಮ್ಮ ತವರುಮನೆಯನ್ನೇ. ಪಡಸಾಲೆಯ ಗೋಡೆಗೆ ಶರಣರ ಚಿತ್ರ, ಬಾಯಲ್ಲಿ ಜಾತಿಯಿಲ್ಲ ಎನ್ನುವ ವಚನ, ಹೊರಗೆ ಕೊಟ್ಟಿಗೆಯ ಗೂಡಿನಲ್ಲಿ ಒಂದು ನೆಗ್ಗಿದ ಲೋಟ. ಹೊಲದ ಕೆಲಸಕ್ಕೆ ಬರುವ ಕೇರಿಯವರಿಗೆ ಅದರಲ್ಲೇ ಚಹಾ. ಕುಡಿದವರು ತಾವೇ ತೊಳೆದು ಬೋರಲಿಟ್ಟು ಹೋಗಬೇಕು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ನಾನು ಪಾಠ ಹೇಳುವ ಔರಾದಿನ ಕಾಲೇಜಿನಲ್ಲಿ ಜೊತೆಯವರು ಪುಸ್ತಕಕ್ಕೆಂದು ಶಾಲು ಹೊದಿಸಿದರು. ಮರುದಿನದಿಂದ ಬುತ್ತಿ ಬಿಚ್ಚಲು ಬೇರೆ ಮೇಜು ಹುಡುಕಿಕೊಂಡರು. ಅದಕ್ಕೆ ನಕ್ಕಿದ್ದೆ. ತವರಿನ ವಿಷಯದಲ್ಲಿ ನಗಲು ಬರಲಿಲ್ಲ.

ಹಬ್ಬ ಮುಗಿದ ಮೇಲೆ ನಾನೇ ಬಸ್ಸು ಹತ್ತಿದೆ. ಹಲಬರ್ಗಾ ದಾಟುವಾಗ ಇಳಿದು ವಾಪಸ್ಸು ಹೋಗಿಬಿಡಲೇ ಅನಿಸಿತು. ಮನೆ ಮುಟ್ಟಿದಾಗ ಅಣ್ಣ ಪಡಸಾಲೆಯಲ್ಲಿದ್ದ. ನನ್ನನ್ನು ಕಂಡವನೇ ಎದ್ದು ಒಳಗೆ ಹೋದ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಬಹಳ ಹೊತ್ತಿನ ಮೇಲೆ ಅವ್ವ ಚಹಾ ತಂದಳು. ಗೂಡಿನ ಲೋಟದಲ್ಲಿ ತಂದಿದ್ದಳು.

"ನಿಮ್ಮಣ್ಣನ ಮಾತು ಮೀರಾಕ ನನಗ ಆಗಂಗಿಲ್ಲವ್ವಾ. ಕೇರಿಯವರ ಕಡಿ ನಿಂತಾಳ, ಅವ್ರ ಗಿಲಾಸದಾಗ ಕುಡೀಲಿ ಅಂದಾನ," ಎಂದಳು. ಆಮೇಲೆ ಮೆಲ್ಲಗೆ, "ಸಕ್ರಿ ಜಾಸ್ತಿ ಹಾಕೀನಿ."

ಕೇರಿಯವರು ದಿನವೂ ಕುಡಿದದ್ದನ್ನು ನಾನೊಮ್ಮೆ ಕುಡಿಯಲಾರೆನೆ ಎಂಬ ಹಟದಿಂದ ಕುಡಿದೆ. ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕುಳಿತು ಅಷ್ಟು ಒಂಟಿಯಾಗುತ್ತೇನೆಂದು ನಾನು ಎಣಿಸಿರಲಿಲ್ಲ.

ತೊಳೆಯಲು ಎದ್ದೆ. ಅವ್ವ ತಂಬಿಗೆ ಎತ್ತಿ ಮೇಲಿನಿಂದ ನೀರು ಹುಯ್ದಳು, ಕೆಲಸದವರಿಗೆ ಹುಯ್ಯುವ ಹಾಗೆಯೇ. ನೀರು ಲೋಟಕ್ಕೆ ಬೀಳದೆ ಅತ್ತಿತ್ತ ಚೆಲ್ಲುತ್ತಿತ್ತು. ಕತ್ತೆತ್ತಿ ನೋಡಿದರೆ ಅವಳ ಕೈ ನಡುಗುತ್ತಿತ್ತು. ನನ್ನ ಕಾದಂಬರಿಯ ಯಜಮಾನಿ ಒಂದು ಪುಟದುದ್ದಕ್ಕೂ ನೀರು ಹುಯ್ಯುತ್ತಾಳೆ, ಅವಳ ಕೈ ನಡುಗುವುದಿಲ್ಲ.

ಲೋಟವನ್ನು ಗೂಡಿನಲ್ಲಿ ಬೋರಲಿಟ್ಟೆ. ಅವ್ವ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮುಂದಿನ ಪಂಚಮಿಗೂ ಅಂವ ಕರೀಲಿಕ್ಕ ಬರಂಗಿಲ್ಲ. ನಾ ಕರ್ದೀನಿ, ಬಾ. ಗಿಲಾಸ ಇಲ್ಲೇ ಇರ್ತದ."