ಅಪ್ಪನ ಪದ, ಮಾಧವ ಮಾಮನ ರಾಗ

ಇವತ್ತು ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಯಲ್ಲಿ ಟಿವಿ ಹಾಕಿದರೆ ಹಳೆಯ ಹಾಲಿವುಡ್ ಸಿನಿಮಾ: ಒಬ್ಬ ಹಾಡು ಬರೆಯುತ್ತಾನೆ, ಗೆಳೆಯ ಪಿಯಾನೋದಲ್ಲಿ ರಾಗ ಹಾಕುತ್ತಾನೆ. ನನಗೆ ಉಡುಪಿಯ ನಮ್ಮ ಜಗಲಿ ನೆನಪಾಯಿತು.

ಶಾಲೆಯ ನಾಟಕಗಳಿಗೆ ಅಪ್ಪ ಹಾಡು ಬರೆದರೆ, ಗೆಳೆಯ ಮಾಧವ ಮಾಮ ಎಲೆಯಡಿಕೆ ಜಗಿಯುತ್ತ ಹಾರ್ಮೋನಿಯಂನಲ್ಲಿ ರಾಗ ಕೂಡಿಸುತ್ತಿದ್ದರು. ಒಮ್ಮೆ ಅಪ್ಪ ಅಚ್ಚು ಹಾಕಿಸಿದ ನಾಟಕದ ಕರಪತ್ರದಲ್ಲಿ ಮಾಮನ ಹೆಸರೇ ಇರಲಿಲ್ಲ. ವರ್ಷವಿಡೀ ಇಬ್ಬರಿಗೂ ಮಾತಿಲ್ಲ. ಕೊನೆಗೆ ಅಪ್ಪ ಹೊಸ ಹಾಡು ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು.

"ತಪ್ಪಾಯ್ತು ಮಾರಾಯ. ಇದಕ್ಕೊಂದು ರಾಗ ಹಾಕು."

ಮಾಮ ಓದಿದರು. "ಎರಡನೇ ಸಾಲು ಉದ್ದ ಆಯ್ತಲ್ಲ" ಎನ್ನುತ್ತ ಹಾರ್ಮೋನಿಯಂ ಎಳೆದುಕೊಂಡರು.

ಸಿನಿಮಾ ಮುಗಿದ ಮೇಲೆ ಮೆಲ್ಬರ್ನ್‌ನಲ್ಲಿರುವ ಮಾಮನ ಮಗಳು ಸುಮಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ನೆನಪಿಸಿದೆ. ಅವಳೆಂದಳು: "ಆ ವರ್ಷ ಇಡೀ ನಮ್ಮಪ್ಪ ಹಾರ್ಮೋನಿಯಂ ಮುಟ್ಟಿರ್ಲಿಲ್ಲ, ಗೊತ್ತುಂಟಾ ನಿಂಗೆ?"